ಹನ್ನೆರಡು ಅಟ್ಟೆಗಳ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹನ್ನೊಂದು ದಿನ ಕಳೆದ ಮೇಲೆ. ಯಳಂದೂರಿನಿಂದ ಅವರ ಹೆಂಡತಿ ಯಾರ ಕೈಯಲ್ಲೋ ಕಾಗದ ಬರೆಸಿದ್ದರು. "ಮಧ್ಯಾಹ್ನ ಊಟ ಮಾಡಿ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಕೂಗಲೂ ಇಲ್ಲ." ಇಷ್ಟೇ ಇತ್ತು. ಓದಿ ಮಡಿಸಿ ಜೇಬಿಗೆ ಹಾಕಿಕೊಂಡೆ. ಆಗ ನನ್ನ ಕಣ್ಣಮುಂದೆ ಬಂದದ್ದು ಅವರ ಮುಖಕ್ಕಿಂತ ಮೊದಲು ಒಂದು ರಟ್ಟಿನ ಪಟ್ಟಿ. ಮೈತುಂಬ ತೂತು, ತೂತುಗಳ ನಡುವೆ ಉಳಿದ ಜಾಗದಲ್ಲಿ ಅವರ ಪುಟ್ಟ ಪುಟ್ಟ ಇಂಗ್ಲಿಷ್ ಅಕ್ಷರ.

ಕೊಳ್ಳೇಗಾಲದ ನಮ್ಮ ನೇಯ್ಗೆಯ ಬೀದಿಯಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಂಡವರಲ್ಲಿ ಮೊದಲನೆಯವನು ನಾನು. ಬರೆದುಕೊಳ್ಳಲು ನನಗೆ ಸಂಕೋಚವಿಲ್ಲ. ಎರಡಕ್ಷರವನ್ನು ಯಾರೂ ನನಗೆ ಸುಮ್ಮನೆ ಕೊಡಲಿಲ್ಲ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಇಪ್ಪತ್ತನೆಯ ವಯಸ್ಸಿಗೆ ಅಪ್ಪನ ಪಕ್ಕದ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತು ಲಾಳಿ ಹೊಡೆಯುತ್ತಿದ್ದವನು ನಾನು. ಆ ಗುಂಡಿಯಿಂದ ನನ್ನನ್ನು ಮೇಲೆತ್ತಿದ ಇಬ್ಬರಲ್ಲಿ ಒಬ್ಬರು ಈ ಮೇಷ್ಟ್ರು. ಇನ್ನೊಬ್ಬ ಅಪ್ಪ, ಅವನಿಗೆ ಓದು ಬರಹ ಬಾರದು. ಅವರಿಬ್ಬರೂ ಒಂದು ದಿನ ಎದುರುಬದುರು ನಿಲ್ಲುವಂತೆ ಮಾಡಿದ ತಪ್ಪು ನನ್ನದೇ. ಅದನ್ನು ಹೇಳದೆ ಅವರ ವಿಷಯ ಹೇಳಲು ನನಗೆ ಬರುವುದಿಲ್ಲ.

ಮೇಷ್ಟ್ರು ಸತ್ತೇಗಾಲದ ಕಡೆಯ ಗದ್ದೆಯವರ ಮನೆಯಿಂದ ಬಂದವರು. ಒಣಕಲು ಮೈ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಬಿಸಿಲಿರಲಿ ಇಲ್ಲದಿರಲಿ ಕೈಯಲ್ಲೊಂದು ಕೊಡೆ. ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದಾಗಲೇ ಇಂಗ್ಲಿಷ್ ಕಲಿತವರು. ಊರು ಮೈಸೂರಿಗೆ ಸೇರಿದ ಮೇಲೆ ಪಠ್ಯ ಬದಲಾಯಿತು, ಇನ್‌ಸ್ಪೆಕ್ಟರು ಬದಲಾದರು, ಮೇಷ್ಟ್ರ ಕೋಟು ಬದಲಾಗಲಿಲ್ಲ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವಾಗ ಎಡಗೈ ಹೆಬ್ಬೆರಳ ಉಗುರಿನಿಂದ ತೋರುಬೆರಳನ್ನು ಒತ್ತುತ್ತಿದ್ದರು. ಒತ್ತಿ ಒತ್ತಿ ಅಲ್ಲೊಂದು ಬಿಳಿ ಗೆರೆಯೇ ಬಿದ್ದಿತ್ತು. ಬೈಯುತ್ತಿರಲಿಲ್ಲ. ಬೈಯದಿರುವುದೇ ನಮಗೆ ಹೆಚ್ಚು ಭಯ.

ಅವರ ಭಾನುವಾರದ ಕ್ಲಾಸನ್ನು ಊರಿನವರು 'ಡುಮ್ಕಿ ಕ್ಲಾಸು' ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಫೇಲಾದವರೆಲ್ಲ ಬೆಳಿಗ್ಗೆ ಶಾಲೆಯ ಜಗುಲಿಯಲ್ಲಿ ಸೇರುವುದು. ಹೋಟೆಲಿನ ಸಪ್ಲೈಯರ್ ಒಬ್ಬ, ಇಬ್ಬರು ದರ್ಜಿಗಳು, ಯಳಂದೂರಿನ ತಾಲ್ಲೂಕು ಕಚೇರಿಯ ಹಂಗಾಮಿ ಟೈಪಿಸ್ಟ್ ಅಕ್ಕ, ಹನೂರಿನ ಸೈಕಲ್ ಷಾಪಿನವನು, ಫಾರೆಸ್ಟ್ ಗಾರ್ಡ್ ಆಗಬೇಕೆಂದು ಹೂಗ್ಯಂನಿಂದ ಬರುತ್ತಿದ್ದ ನನ್ನ ವಯಸ್ಸಿನವನೊಬ್ಬ, ಹೀಗೆ. ಬಸ್ಸಿನಲ್ಲಿ ಬರುವವರು ಬಂದು ಮುಟ್ಟುವವರೆಗೆ ಮೇಷ್ಟ್ರು ಪಾಠ ಶುರು ಮಾಡುತ್ತಿರಲಿಲ್ಲ.

ಅವರ ಪಾಠಕ್ಕೆ ಒಂದೇ ನಿಯಮ. "ಮಾಡಿ ತೋರಿಸು, ಆಮೇಲೆ ಬರೆ." ಪದದ ಪಕ್ಕ ಕನ್ನಡದ ಅರ್ಥ ಬರೆದುಕೊಂಡರೆ ಆ ಪುಟವನ್ನೇ ಕಿತ್ತು ಕೈಗೆ ಕೊಡುತ್ತಿದ್ದರು. ದೊಡ್ಡ ಪದಗಳ ಬಗ್ಗೆ ಅವರಿಗೆ ಗೌರವವಿರಲಿಲ್ಲ. "ದೊಡ್ಡ ಪದ ದೊಡ್ಡ ಮನುಷ್ಯರ ಹಾಗೆ ಕಣಯ್ಯಾ, ಯಾವಾಗಲೂ ಒಂದೇ ಕೆಲಸ. ಸಣ್ಣ ಪದ ನಮ್ಮಂಥದ್ದು, ಹೇಳಿದ್ದೆಲ್ಲ ಮಾಡಬೇಕು" ಎನ್ನುತ್ತಿದ್ದರು. ಆ ಸಣ್ಣ ಪದಗಳಲ್ಲಿ ಅವರು ವರ್ಷಗಟ್ಟಲೆ ಬೆನ್ನು ಹತ್ತಿದ್ದು ಒಂದನ್ನು: ಸ್ಲಿಪ್.

"ಜಾರು ಅಂತ ಬರ್ಕೊಂಡ್ರಾ? ಕೆಟ್ರಿ!" ಎಂದು ಶುರು ಮಾಡುತ್ತಿದ್ದರು. ಕೆಸರಿನಲ್ಲಿ ಕಾಲು ಜಾರುವುದು ಅದರ ಒಂದು ಕೆಲಸ ಮಾತ್ರ. ಕೋಟನ್ನು ಬೇಗ ತೊಟ್ಟುಕೊಂಡರೂ ಸ್ಲಿಪ್, ಕಳಚಿದರೂ ಸ್ಲಿಪ್. ಯಾರ ಕಣ್ಣಿಗೂ ಬೀಳದೆ ಕೋಣೆಯಿಂದ ಹೊರಗೆ ಹೋದರೆ, ಒಬ್ಬರ ಅಂಗೈಯಲ್ಲಿ ಚೀಟಿ ಇಟ್ಟರೆ, ಬಾಯಿತಪ್ಪಿ ಗುಟ್ಟು ಹೇಳಿದರೆ, ಹೆಸರು ನೆನಪಿನಿಂದ ಹೋದರೆ, ಹಗ್ಗದ ಗಂಟು ಸಡಿಲವಾದರೆ, ಓದುವ ಹುಡುಗ ದಿನೇ ದಿನೇ ಹಿಂದೆ ಬಿದ್ದರೆ, ಕೈಗೆ ಬಂದ ಅವಕಾಶ ಹೋದರೆ, ಎಲ್ಲದಕ್ಕೂ ಅದೇ. ಒಂದೊಂದನ್ನೂ ಜಗುಲಿಯ ಮೇಲೆ ಮಾಡಿ ತೋರಿಸಬೇಕು. ಸಪ್ಲೈಯರ್ ನಮ್ಮ ಕಣ್ಣೆದುರೇ ಕಂಬದ ಹಿಂದಿನಿಂದ ಮಾಯವಾಗಿ ಬೀದಿಯಲ್ಲಿ ನಿಂತು ಕೈ ಬೀಸಿದಾಗ ಮೇಷ್ಟ್ರು ಚಪ್ಪಾಳೆ ತಟ್ಟಿದ್ದರು.

ಇದನ್ನು ಮನೆಯಲ್ಲಿ ಹೇಳಿದರೆ ಅಪ್ಪ ಲಾಳಿ ನಿಲ್ಲಿಸಿ ಕೇಳಿದ್ದ, "ಒಂದ್ ಮಾತ್ಗೆ ಅಷ್ಟೊಂದ್ ಅರ್ಥ ಮಡಗಿರೋ ಭಾಷೆನ ನಂಬ್ಬೋದೇನ್ಲಾ? ಇವತ್ತೊಂದ್ ಏಳ್ತದೆ, ನಾಳಿಕ್ ಇನ್ನೊಂದ್ ಏಳ್ತದೆ."

ಒಂದು ಭಾನುವಾರ ಮೇಷ್ಟ್ರು ನನ್ನನ್ನು ಕರೆದು, "ನಿಮ್ಮ ಮನೇಲಿ ಹಳೇ ಅಟ್ಟೆ ಇದ್ರೆ ಒಂದು ಡಜನ್ ತಾರಯ್ಯಾ. ಗಟ್ಟಿ ರಟ್ಟು, ಬೇಗ ಹರಿಯಲ್ಲ" ಎಂದರು.

ನೇಯ್ಗೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಸೀರೆಯ ಸೆರಗಿನಲ್ಲಿ ಹಂಸವೋ ಮಾವಿನಕಾಯಿಯೋ ಮೂಡಬೇಕಾದರೆ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಎಂಬ ಯಂತ್ರ ಕೂರಿಸುತ್ತಾರೆ. ಅದಕ್ಕೆ ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ಸಾಲಾಗಿ ದಾರದಿಂದ ಹೊಲಿದು ತೂಗುಹಾಕುತ್ತಾರೆ. ತೂತಿದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಒಂದು ಪಟ್ಟಿಗೆ ಒಂದು ಸಾಲು. ಆ ಪಟ್ಟಿಯೇ ಅಟ್ಟೆ. ಒಂದು ಹಂಸಕ್ಕೆ ನೂರಾರು ಅಟ್ಟೆ ಬೇಕು. ಸವೆದುಹೋದ ಅಟ್ಟೆಗಳನ್ನು ನಮ್ಮಲ್ಲಿ ಬೀದಿಗೆ ಎಸೆಯುವುದಿಲ್ಲ. ಅಷ್ಟು ದಿನ ಅನ್ನ ಕೊಟ್ಟದ್ದಲ್ಲವೇ? ಗೋಡೆಯ ಮೊಳೆಗೆ ತೂಗುಹಾಕಿ, ಆಯುಧಪೂಜೆ ಕಳೆದ ಮೇಲೆ ರೇಷ್ಮೆಗೆ ಬಣ್ಣ ಕಾಯಿಸುವ ಒಲೆಗೆ ಹಾಕುತ್ತಾರೆ.

ನಮ್ಮ ಮನೆಯ ಮೂಲೆಯಲ್ಲಿ ಎರಡು ಮೊಳೆ. ಎಡಗಡೆಯದಕ್ಕೆ ಹಳೆಯ ಅಟ್ಟೆ, ಬಲಗಡೆಯದಕ್ಕೆ ನೇಯುತ್ತಿರುವ ಸೀರೆಯ ಸೆರಗಿನ ಅಟ್ಟೆ. ಆಗ ನೇಯುತ್ತಿದ್ದದ್ದು ಮದುವೆಯ ಹೆಣ್ಣೊಬ್ಬಳ ಧಾರೆ ಸೀರೆ. ಸೆರಗು ಬರುವುದು ಕೊನೆಗೆ. ಅದಕ್ಕೆ ಮುಂಚೆ ಒಡಲು ನೇಯುವ ಅಷ್ಟೂ ದಿನ ಸೆರಗಿನ ಅಟ್ಟೆಗೆ ಕೆಲಸವಿಲ್ಲ. ಆ ವಾರ ಮೇಲಿನ ಹೆಂಚು ಸೋರಿತ್ತೆಂದು ಅವ್ವ ಎರಡನ್ನೂ ಅದಲುಬದಲು ಮಾಡಿದ್ದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಬೆರಳಿಗೆ ತಿಳಿಯಬೇಕಿತ್ತು. ಸವೆದ ಅಟ್ಟೆಯ ತೂತಿನ ಅಂಚು ಮೆತ್ತಗಿರುತ್ತದೆ, ಹೊಸದು ಉಗುರಿಗೆ ಚುರುಕಾಗಿ ತಗಲುತ್ತದೆ. ನೇಕಾರನ ಹೊಟ್ಟೆಯಲ್ಲಿ ಹುಟ್ಟಿದವನು ಮುಟ್ಟಿ ನೋಡದೆ, ಕ್ಲಾಸಿಗೆ ಹೊತ್ತಾಯಿತೆಂದು ಎಡಗಡೆಯ ಮೊಳೆಯಿಂದ ಹನ್ನೆರಡು ಅಟ್ಟೆಯ ದಾರ ಕತ್ತರಿಸಿಕೊಂಡು ಹೋದೆ.

ಮೇಷ್ಟ್ರು ಒಂದೊಂದು ಅಟ್ಟೆಯ ಮೇಲೂ ಸ್ಲಿಪ್‌ನ ಒಂದೊಂದು ಕೆಲಸ ಬರೆದು ಹನ್ನೆರಡು ಮಂದಿಗೆ ಹಂಚಿದರು. "ಎರಡು ವಾರ ಇಟ್ಕೊಳ್ಳಿ. ನಿಮ್ಮ ನಿಮ್ಮ ಊರಲ್ಲಿ, ನಿಮ್ಮ ನಿಮ್ಮ ಕೆಲಸದಲ್ಲಿ ಇದನ್ನ ಮಾಡಿ. ಬಂದು ಇಂಗ್ಲಿಷಲ್ಲಿ ಹೇಳಿ." ನನಗೆ ಬಂದ ಅಟ್ಟೆಯಲ್ಲಿ ಇದ್ದದ್ದು, ಗಮನವಿಲ್ಲದೆ ಮಾಡುವ ಸಣ್ಣ ತಪ್ಪು. ಹೇಗಪ್ಪ ಮಾಡಿ ತೋರಿಸುವುದು ಎಂದು ಒಂಬತ್ತು ದಿನ ಯೋಚಿಸಿದೆ. ಆಗಲೇ ಮಾಡಿ ಮುಗಿಸಿದ್ದೇನೆಂದು ತಿಳಿದದ್ದು ಹತ್ತನೆಯ ದಿನ, ಮಂಗಳವಾರ.

ಅಪ್ಪ ಸೆರಗಿನ ಅಟ್ಟೆಯನ್ನು ಮೊಳೆಯಿಂದ ಇಳಿಸಿ ಎಣಿಸುತ್ತಿದ್ದ. ಎಣಿಸುವುದು ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದ. ಆಮೇಲೆ ಬಹಳ ಮೆಲ್ಲಗೆ ಕರೆದ. "ಬಾ ಇಲ್ಲಿ."

ಕತ್ತರಿಸಿದ ದಾರದ ಎರಡು ತುದಿ ಅವನ ಕೈಯಲ್ಲಿ ನೇತಾಡುತ್ತಿದ್ದವು. ಅರವತ್ತೊಂದರಿಂದ ಎಪ್ಪತ್ತೆರಡು. ಹಂಸದ ಕುತ್ತಿಗೆ.

"ಎಲ್ಲೋದ್ವೋ ಅಟ್ಟೆ?"

ಹೇಳಿದೆ. ಅವ್ವ ಒಳಗಿನಿಂದ ಓಡಿಬಂದು, "ನಾನೇ ಮೊಳೆ ಬದಲಾಯ್ಸಿದ್ದು ಕಣಾ, ಅವನ್ನ ಒಡೀಬ್ಯಾಡ" ಎಂದಳು. ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಗುರುವಾರ ಮದ್ಯಾನಕ್ ಒಡಲು ಮುಗೀತದೆ. ಬಾನುವಾರ ದಾರೆ. ಆ ಎಣ್ಣು ಕುತ್ಗೆ ಮುರ್ದ ಅಂಸ ಒದ್ಕಂಡು ಮಣೆ ಮ್ಯಾಲ ಕುಂತ್ಕಂಡಾಳಾ? ಅಟ್ಟೆ ಒಡ್ಯೋನು ಬೆಂಗ್ಳೂರ್ನಲ್ಲಿ ಕುಂತವ್ನೆ, ಒಸಾದ್ ಒಡ್ದು ಕಳ್ಸೋಕೆ ಇಪ್ಪತ್ ದಿನ" ಎಂದ. ನಂತರ ನನ್ನ ಮುಖ ನೋಡದೆ ಸೇರಿಸಿದ. "ಗುರುವಾರ ಮದ್ಯಾನಕ್ ಅಟ್ಟೆ ಬರ್ಲಿಲ್ಲ ಅಂದ್ರೆ ನಿಂಗ್ ಪರೀಕ್ಸೆನೂ ಇಲ್ಲ, ಇಂಗ್ಲೀಸೂ ಇಲ್ಲ. ಈ ಗುಂಡಿನೇ ನಿನ್ ಕಾಲೇಜು."

ಅಪ್ಪ ಹೇಳಿದ್ದನ್ನು ಮಾಡುವವನು. ಪರೀಕ್ಷೆಗೆ ಇನ್ನು ಒಂದೂವರೆ ತಿಂಗಳಿತ್ತು.

ಮೇಷ್ಟ್ರ ಮನೆಗೆ ಓಡಿದೆ. ಅವರು ಊಟಕ್ಕೆ ಕೂತಿದ್ದರು. ಕೇಳಿದ ಕೂಡಲೇ ಕೈ ತೊಳೆದು ಕೋಟು ಹಾಕಿಕೊಂಡರು. ಸಂಜೆಯೊಳಗೆ ಊರಿನಲ್ಲಿದ್ದ ಒಂಬತ್ತನ್ನು ಒಟ್ಟು ಮಾಡಿದೆವು. ಒಂದನ್ನು ದರ್ಜಿಯ ಹೆಂಡತಿ ಹಾಲಿನ ಪಾತ್ರೆಗೆ ಮುಚ್ಚಿದ್ದಳು. ಉಳಿದದ್ದು ಮೂರು: ಯಳಂದೂರಿನಲ್ಲಿ ಒಂದು, ಹನೂರಿನಲ್ಲಿ ಒಂದು, ಹೂಗ್ಯಂನಲ್ಲಿ ಒಂದು. ಒಂದೊಂದು ಒಂದೊಂದು ದಿಕ್ಕು. "ಒಂದು ದಿನ ಸಾಕು" ಎಂದರು ಮೇಷ್ಟ್ರು. ಅಷ್ಟು ವರ್ಷದಲ್ಲಿ ರಜಾ ಚೀಟಿ ಬರೆದವರಲ್ಲ. ಬರೆಯಲು ಕೂತಾಗ ಒಕ್ಕಣೆ ಹೊಳೆಯದೆ ಎರಡು ಕಾಗದ ಹರಿದರು.

ಬುಧವಾರ ಮೊದಲನೇ ಬಸ್ಸಿಗೆ ಯಳಂದೂರು. ಬಸ್ಸಿನಲ್ಲಿ ಮೇಷ್ಟ್ರು ಕೊಡೆಯ ಹಿಡಿಯನ್ನು ತಿರುಗಿಸುತ್ತ, ಯಾರಿಗೂ ಹೇಳಿರದ ಒಂದು ವಿಷಯ ಹೇಳಿದರು. ಹುಡುಗರಾಗಿದ್ದಾಗ ಕೊಯಮತ್ತೂರಿಗೆ ಸರ್ಕಾರಿ ಗುಮಾಸ್ತೆ ಕೆಲಸಕ್ಕೆಂದು ಹೋಗಿದ್ದರಂತೆ. ನಿಘಂಟು ಬಾಯಿಪಾಠ ಮಾಡಿಕೊಂಡು ಹೋಗಿದ್ದರಂತೆ. "ಎದುರಿಗೆ ಬಿಳೀ ದೊರೆ. ಏನೋ ಹೇಳ್ದ. ಹತ್ತು ಪದದಲ್ಲಿ ಒಂಬತ್ತು ಗೊತ್ತು, ಒಂದು ಸಣ್ಣದು ಗೊತ್ತಿಲ್ಲ. ಸುಮ್ನೆ ನಿಂತೆ. ಇನ್ನೊಂದು ಸಲ ಹೇಳ್ದ. ಮತ್ತೂ ನಿಂತೆ. ಮೂರನೇ ಸಲ ಅವನು ಹೇಳಲಿಲ್ಲ ಕಣಯ್ಯಾ, ಬೆರಳು ತೋರಿಸ್ದ, ಬಾಗಿಲ ಕಡೆಗೆ." ಆ ಸಣ್ಣ ಪದ ಯಾವುದೆಂದು ನಾನು ಕೇಳಲಿಲ್ಲ. ಅವರು ತೋರುಬೆರಳನ್ನು ಒತ್ತುತ್ತಿದ್ದರು.

ತಾಲ್ಲೂಕು ಕಚೇರಿಯ ಬಾಗಿಲಲ್ಲೇ ಟೈಪಿಸ್ಟ್ ಅಕ್ಕ ಸಿಕ್ಕಿದರು. ಅಟ್ಟೆ ಎಂದ ಕೂಡಲೇ ಅವರ ಮುಖ ಬಿಳಿಚಿತು. ಅವರಿಗೆ ಬಂದಿದ್ದ ಕೆಲಸ, ಕಾಗದಗಳ ನಡುವೆ ಮೆಲ್ಲಗೆ ಒಂದನ್ನು ಸೇರಿಸುವುದು. ಮೇಷ್ಟ್ರು ಹೇಳಿದ ಹಾಗೆಯೇ ಮಾಡಿದ್ದರು, ಒಂದು ಫೈಲಿನೊಳಗೆ. ಆ ಫೈಲು ಈಗ ಸಾಹೇಬರ ಮೇಜಿನ ಮೇಲಿತ್ತು.

"ಇನ್ನೂ ಪರ್ಮನೆಂಟ್ ಆಗಿಲ್ಲ ಸಾರ್ ನಾನು. ಕಚೇರಿ ಫೈಲಲ್ಲಿ ತೂತು ರಟ್ಟು ಮಡಗಿದ್ದು ಯಾರು ಅಂದ್ರೆ ಏನೇಳ್ಲಿ?" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನೀನು ಏನೂ ಹೇಳ್ಬೇಡಮ್ಮಾ" ಎಂದು ಮೇಷ್ಟ್ರು ಚಪ್ಪಲಿ ಬಿಟ್ಟರು. ಕೊಡೆಯನ್ನು ನನ್ನ ಕೈಗೆ ಕೊಟ್ಟರು. ಬಾಗಿಲ ಪರದೆಯ ಸಂದಿಯಿಂದ ನನಗೆ ಒಳಗೆ ಕಾಣುತ್ತಿತ್ತು. ಸಾಹೇಬರು ಫೈಲು ತೆರೆದು ಪುಟ ತಿರುವುತ್ತಿದ್ದರು. ಅಟ್ಟೆಯ ತುದಿ ಹಾಳೆಗಳ ಹೊರಗೆ ಚಾಚಿತ್ತು. ಇನ್ನು ಎರಡು ಪುಟ, ಅಷ್ಟೇ.

"ಎಸ್?" ಎಂದರು ಸಾಹೇಬರು ತಲೆ ಎತ್ತದೆ.

ಮೇಷ್ಟ್ರು ಸುಮ್ಮನೆ ನಿಂತರು. ಸಾಹೇಬರು ತಲೆ ಎತ್ತಿದರು. ಆಗ ಮೇಷ್ಟ್ರು, ನಮಗೆ ಪಾಠ ಹೇಳುವಾಗಿನ ಅದೇ ದನಿಯಲ್ಲಿ, ಒಂದೊಂದೇ ಪದ ಇಟ್ಟಂತೆ ಹೇಳಿದರು. "ಸರ್, ಎ ಕಾರ್ಡ್ ಹ್ಯಾಸ್ ಸ್ಲಿಪ್ಡ್ ಇಂಟು ಯುವರ್ ಫೈಲ್. ಇಟ್ ಈಸ್ ಮೈ ಕಾರ್ಡ್."

ಸಾಹೇಬರು ಅಟ್ಟೆಯನ್ನು ಎಳೆದು ತೆಗೆದು, ಬೆಳಕಿಗೆ ಹಿಡಿದು, ತೂತುಗಳನ್ನು ನೋಡಿದರು. "ವಾಟ್ ಈಸ್ ದಿಸ್?"

"ಹಂಸದ ಕುತ್ತಿಗೆ, ಸಾರ್" ಎಂದರು ಮೇಷ್ಟ್ರು.

ಹೇಗೆ ಫೈಲಿಗೆ ಬಂತು ಎಂದು ಅವರು ಕೇಳಲಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಮೇಷ್ಟ್ರು ಅಟ್ಟೆ ಈಸಿಕೊಂಡು ನಮಸ್ಕಾರ ಮಾಡಿ ಆಚೆ ಬಂದಿದ್ದರು. ರಸ್ತೆಗೆ ಬಂದ ಮೇಲೆ ನೋಡಿದರೆ ಯಾರದೋ ಚಪ್ಪಲಿ ಮೆಟ್ಟಿಕೊಂಡಿದ್ದರು. ವಾಪಸು ಹೋಗಿ ಬದಲಾಯಿಸಿಕೊಂಡು ಬಂದೆವು. ಬಸ್ಸು ಸ್ವಲ್ಪದರಲ್ಲಿ ತಪ್ಪುತ್ತಿತ್ತು.

ಹನೂರು ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಸೈಕಲ್ ಷಾಪಿನವನು ತನ್ನ ಅಟ್ಟೆಯನ್ನು ಗೋಡೆಗೆ ಸಿಕ್ಕಿಸಿದ್ದ, ಗ್ರೀಸಿನ ಎರಡು ಬೆರಳ ಗುರುತು ಬಿಟ್ಟರೆ ನೆಟ್ಟಗಿತ್ತು. ಅವನಿಗೆ ಬಂದಿದ್ದು ಹಲ್ಲು ತಪ್ಪಿದ ಚೈನು.

"ತಕಳಿ ಸಾ. ನಮ್ ಅಂಗ್ಡಿಗ್ ಬರೋ ಸೈಕಲೆಲ್ಲ ಈ ಮಾತ್ನೇ ಮಾಡ್ಕಂಡ್ ಬತ್ತವೆ. ನಾನ್ ಅದುನ್ನ ಮತ್ತೆ ಏರುಸ್ತೀನಲ್ಲ, ಅದುಕ್ಕೇನಂತಾರೆ, ಅದೇಳ್ಕೊಡಿ!" ಎಂದು ನಕ್ಕ. ನಡೆದದ್ದು ಕೇಳಿ, ನನ್ನ ಮುಖ ನೋಡಿ, "ಏನ್ಲಾ ಅಟ್ಟೆ ಕಳ್ಳ, ನಿಮ್ಮಪ್ಪ ಇನ್ನೂ ಕೊಂದಿಲ್ವಾ?" ಎಂದ. ಮೇಷ್ಟ್ರು ನಗಲಿಲ್ಲ. ಹೂಗ್ಯಂ ಕಡೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಆ ಬಸ್ಸು ಊರಿನವರೆಗೆ ಹೋಗಲಿಲ್ಲ. ಮೂರು ಮೈಲಿ ಮೊದಲೇ ಕೆಟ್ಟು ನಿಂತಿತು. ಹೊತ್ತು ಇಳಿಯುತ್ತಿತ್ತು. ಎರಡೂ ಕಡೆ ಕಾಡು. ರಸ್ತೆಯ ಮಧ್ಯೆ ಆನೆಯ ಲದ್ದಿ ಇನ್ನೂ ಹಸಿಯಾಗಿತ್ತು. ಕಂಡಕ್ಟರು, "ಮಾತಾಡ್ಕಂಡ್ ನಡೀರಿ ಸಾ, ಸದ್ದಿದ್ರೆ ಒಳ್ಳೇದು" ಎಂದು ಕಳಿಸಿದ. ಮಾತಾಡಲು ನನಗೆ ಏನೂ ಹೊಳೆಯಲಿಲ್ಲ. ಮೇಷ್ಟ್ರು ಕೊಡೆಯಿಂದ ನೆಲ ಕುಟ್ಟುತ್ತ, ನನ್ನ ಕೈಯಲ್ಲಿ ಇಡೀ ದಾರಿ ಇಂಗ್ಲಿಷ್ ಕ್ರಿಯಾಪದದ ಮೂರು ಕಾಲ ಹೇಳಿಸಿದರು. ಅಷ್ಟು ಜೋರಾಗಿ ನಾನು ಎಂದೂ ಇಂಗ್ಲಿಷ್ ಹೇಳಿಲ್ಲ.

ಹೂಗ್ಯಂನ ನಮ್ಮ ಗೆಳೆಯನ ಮನೆಯ ಮುಂದೆ ಚಪ್ಪರದ ಬಿದಿರನ್ನು ಇನ್ನೂ ಬಿಚ್ಚಿರಲಿಲ್ಲ. ಅವನ ಅಜ್ಜಿ ತೀರಿಕೊಂಡು ಮೂರು ದಿನವಾಗಿತ್ತು. ಅವತ್ತೇ ಸಮಾಧಿಯ ಗುಡ್ಡೆಗೆ ಹಾಲುತುಪ್ಪ ಬಿಟ್ಟು ಬಂದಿದ್ದರು. ಹಿಂದಿನ ಭಾನುವಾರ ಅವನು ಕ್ಲಾಸಿಗೆ ಬಾರದಿದ್ದುದೇಕೆಂದು ಆಗ ತಿಳಿಯಿತು. ಅಜ್ಜಿಗೆ ಜ್ವರ ಏರಿತ್ತು. ಮೇಷ್ಟ್ರನ್ನು ಕಂಡು ಅವನು ಗಾಬರಿಯಾಗಿ ಎದ್ದು ನಿಂತ. ಜಗುಲಿಯ ಮೇಲೆ ಕಂಬಳಿ ಹಾಸಿದ. ನಾವು ಬಂದ ಕಾರಣ ಹೇಳಿದೆವು.

"ಅಟ್ಟೆ ಇಲ್ಲ ಸಾ" ಎಂದ.

ಅವನಿಗೆ ಬಂದಿದ್ದ ಕೆಲಸ, ಯಾರಿಗೂ ಹೇಳದೆ ಮೆಲ್ಲಗೆ ಹೊರಟುಹೋಗುವುದು. ಕಾಡಿನಂಚಿನವನು, ಇವನಿಗೆ ಸುಲಭ ಎಂದು ಮೇಷ್ಟ್ರು ಕೊಟ್ಟಿದ್ದರು. ಜ್ವರದಲ್ಲಿ ಅಜ್ಜಿಗೆ ಸೆಕೆ ತಡೆಯುತ್ತಿರಲಿಲ್ಲವಂತೆ. ಇವನು ಅಟ್ಟೆಯಿಂದ ಗಾಳಿ ಹಾಕುತ್ತಿದ್ದ. ತೂತುಗಳಿಂದ ಬರುವ ಗಾಳಿ ತಂಪಾಗಿದೆ ಎಂದು ಅಜ್ಜಿ ಅದನ್ನು ಕೈಯಿಂದ ಬಿಡಲಿಲ್ಲವಂತೆ.

"ಗಾಳಿ ಆಕ್ತಾ ಆಕ್ತಾ ಇದ್ದೆ ಸಾ. ಗುಕ್ಕು ನೀರ್ ಕುಡ್ಯಾಣಾಂತ ಎದ್ದೋದೆ. ಬರೋ ಒತ್ಗೆ ಓಗ್ಬುಟ್ಟಿದ್ಲು. ಯಾರ್ಗೂ ಏಳ್ನಿಲ್ಲ. ನೀವು ಕೊಟ್ಟಿದ್ ಮಾತ್ನ ನಾನ್ ಮಾಡ್ನಿಲ್ಲ ಸಾ, ನಮ್ಮಜ್ಜಿ ಮಾಡಿ ತೋರ್ಸ್‌ಬುಟ್ಲು." ಮೂಗು ಒರೆಸಿಕೊಂಡು ಮುಂದುವರಿಸಿದ. "ಎಲೆಅಡ್ಕೆ ಚೀಲದ ಜೊತ್ಗೆ ಅದುನ್ನೂ ಪಕ್ಕದಲ್ ಮಡಗಿ ಮಣ್ಮಾಡುದ್ವಿ. ಅವ್ಳ್ ಕೈಲೇ ಇತ್ತಲ್ಲ."

ಮೇಷ್ಟ್ರು ಕಂಬಳಿಯ ಅಂಚನ್ನು ಹಿಡಿದುಕೊಂಡರು. "ಆ ಅರ್ಥಾನೂ ಇದೆ ಕಣಪ್ಪಾ" ಎಂದರು. "ಇಂಗ್ಲಿಷಿನವರು ಅದಕ್ಕೂ ಇದೇ ಪದ ಹೇಳ್ತಾರೆ. ನಾನು ಯಾರಿಗೂ ಅದನ್ನ ಬರೆದು ಕೊಟ್ಟಿರಲಿಲ್ಲ."

ಅವನು ನನ್ನನ್ನು ನೋಡಿದ. ನನ್ನ ಮುಖದಲ್ಲಿ ಏನಿತ್ತೋ, ಮೇಷ್ಟ್ರ ಕಡೆ ತಿರುಗಿ, "ಮಣ್ಣು ಇನ್ನೂ ಅಸೀದಾಗೇ ಅದೆ ಸಾ. ನೀವ್ ಏಳುದ್ರೆ ಅಗುದ್ ತಗ್ದ್ ಕೊಡ್ತೀನಿ. ಯಾರ್ಗೂ ಗೊತ್ತಾಗಲ್ಲ" ಎಂದ.

ಈಗ ಒಪ್ಪಿಕೊಳ್ಳುತ್ತೇನೆ. ಮೇಷ್ಟ್ರು ಹೂಂ ಎನ್ನಲಿ ಎಂದು ನಾನು ಬಯಸಿದೆ. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಆ ಮುದುಕಿಯಲ್ಲ, ಅಪ್ಪನ ಮಗ್ಗದ ಗುಂಡಿ. ಅದರೊಳಗೆ ನನ್ನ ಕಾಲು, ಇಪ್ಪತ್ತು ವರ್ಷ, ಮೂವತ್ತು ವರ್ಷ. ಬಾಯಿ ಬಿಟ್ಟು ಕೇಳಲಿಲ್ಲ ಎಂಬುದಷ್ಟೇ ನನ್ನ ಪಾಲಿನ ಒಳ್ಳೆಯತನ.

ಮೇಷ್ಟ್ರು ಅವನ ಭುಜದ ಮೇಲೆ ಕೈಯಿಟ್ಟರು. "ಬೇಡ. ಅದು ಅವರ ಕೈಲಿರ್ಲಿ. ಸೆಕೆ ಆಗ್ತದೆ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪನಿಗೆ ನಾನು ಹೇಳ್ತೀನಿ" ಎಂದರು. ಆ ರಾತ್ರಿ ಅಲ್ಲೇ ಉಳಿದೆವು.

ಗುರುವಾರ ನಾವು ಮನೆ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಒಳಗೆ ಮಗ್ಗದ ಸದ್ದು ಕೇಳಿಸುತ್ತಿರಲಿಲ್ಲ. ಒಡಲು ಮುಗಿದಿತ್ತು. ಅಪ್ಪ ಗುಂಡಿಯೊಳಗೆ ಕಾಲಿಟ್ಟುಕೊಂಡು ಕೈ ಕಟ್ಟಿ ಕೂತಿದ್ದ. ಮೇಷ್ಟ್ರು ನಮ್ಮ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಕುರ್ಚಿಯಿಲ್ಲದ ಮನೆ, ಅವ್ವ ಮಣೆ ಹಾಕಿದಳು. ಅವರು ಕೂರಲಿಲ್ಲ.

ಅಪ್ಪ ಎಣಿಸಿದ. "ಅನ್ನೊಂದು. ಅರ್ವತ್ತೆಂಟು ಎಲ್ಲಿ?"

"ತಪ್ಪು ನನ್ನದು" ಎಂದು ಮೇಷ್ಟ್ರು ಶುರು ಮಾಡಿದರು. ಅಜ್ಜಿಯ ಜ್ವರ, ಗಾಳಿ, ಎಲೆಅಡಿಕೆ ಚೀಲ, ಎಲ್ಲ ಹೇಳಿದರು. ಅಗೆದು ಕೊಡುತ್ತೇನೆ ಎಂದದ್ದನ್ನೂ ಹೇಳಿದರು. "ನಾನೇ ಬೇಡ ಅಂದೆ. ನಿಮ್ಮ ಸೀರೆ ಕೆಟ್ರೆ ಅದು ನನ್ನಿಂದ. ಇವನ ಪರೀಕ್ಷೆ ನಿಲ್ಲಿಸ್ಬೇಡಿ." ಹಾಗೆನ್ನುತ್ತ ಕೈ ಮುಗಿದರು. ಮೇಷ್ಟ್ರು ಒಬ್ಬರ ಮುಂದೆ ಹಾಗೆ ನಿಲ್ಲುವುದನ್ನು ನೋಡಲಾರದೆ ನಾನು ಗೋಡೆಯ ಮೊಳೆಯನ್ನು ನೋಡುತ್ತಿದ್ದೆ.

ಅಪ್ಪ ಎಲ್ಲ ಕೇಳಿಸಿಕೊಂಡ. ಅಟ್ಟೆಗಳನ್ನು ತೊಡೆಯ ಮೇಲೆ ಜೋಡಿಸುತ್ತಿದ್ದ. ಕೊನೆಗೆ, "ಸಾ, ಕೈ ಇಳ್ಸಿ. ಇದುನ್ನ ಇಡ್ಕಳಿ" ಎಂದ.

ಅರವತ್ತೇಳನ್ನೂ ಅರವತ್ತೊಂಬತ್ತನ್ನೂ ಒಂದರ ಮೇಲೊಂದು ಇಟ್ಟು ಮೇಷ್ಟ್ರ ಕೈಗೆ ಕೊಟ್ಟು, ಕಿಟಕಿಯ ಬೆಳಕಿಗೆ ಹಿಡಿಯಲು ಹೇಳಿದ. ಎರಡರ ತೂತುಗಳ ಮೂಲಕ ಬೆಳಕು ಚುಕ್ಕೆ ಚುಕ್ಕೆಯಾಗಿ ಅಪ್ಪನ ಮುಖದ ಮೇಲೆ ಬಿತ್ತು. ಅಪ್ಪ ಆ ಚುಕ್ಕೆಗಳನ್ನು ಬೆರಳಿನಿಂದ ಎಣಿಸಿಕೊಂಡ. "ಅನ್ನೆರಡೂ ಓಗಿದ್ರೆ ಸತ್ತಂಗೆ. ಅಕ್ಕಪಕ್ಕದ್ದು ಇದ್ರೆ ನಡೂ ಮದ್ಯದ್ದು ಗೊತ್ತಾಯ್ತದೆ. ಕುತ್ಗೆ ಇಲ್ಲಿಂದ ಇಂಗ್ ಬಾಗ್ಬೇಕು" ಎಂದ. ಮೇಷ್ಟ್ರ ತೋಳು ಸೋತು ನಡುಗುವವರೆಗೂ ಹಿಡಿಸಿಯೇ ಇದ್ದ. ಅದು ಶಿಕ್ಷೆಯೋ ಕೆಲಸವೋ ನನಗೆ ಇವತ್ತಿಗೂ ತಿಳಿಯದು.

ಹನ್ನೊಂದನ್ನು ಹೊಲಿದು ಮಗ್ಗಕ್ಕೆ ಏರಿಸಿದೆವು. ಶುಕ್ರವಾರ ಹಂಸದ ಕುತ್ತಿಗೆ ಬರುವ ಹೊತ್ತಿಗೆ ಮೇಷ್ಟ್ರು ಶಾಲೆಯಿಂದ ನೇರ ಬಂದು ಗುಂಡಿಯ ಪಕ್ಕ ಕೂತರು. ಅವರು ಬರೆದ ಅಕ್ಷರ ಒಂದೊಂದಾಗಿ ಮಗ್ಗದ ನೆತ್ತಿಯ ಮೇಲೆ ತಿರುಗಿ ಬಂದವು.

"ಏನ್ ಬರ್ದಿದೀರಾ ಸಾ ಅದ್ರಲ್ಲಿ?" ಎಂದ ಅಪ್ಪ.

ಮೇಷ್ಟ್ರು ಓದಿದರು. ಒಂದೊಂದನ್ನೂ ಕನ್ನಡದಲ್ಲಿ ಹೇಳಿದರು. ಅವರು ಪದಕ್ಕೆ ಕನ್ನಡದ ಅರ್ಥ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಚೀಟಿ ಇಡುವುದು ಎಂದಾಗ ಅಪ್ಪ ಲಾಳಿ ತೋರಿಸಿ, "ಇದೂ ಅದೇ ಮಾಡ್ತದಲ್ಲ, ಎಳೆ ಸಂದೀಲಿ" ಎಂದ. ಮೇಷ್ಟ್ರ ಕಣ್ಣು ಅರಳಿತು. ಅರವತ್ತೆಂಟರ ಜಾಗ ಬಂದಾಗ ಅಪ್ಪ ಯಂತ್ರ ನಿಲ್ಲಿಸಿದ. ಎದ್ದು ನಿಂತು, ಏಳಬೇಕಾದ ಎಳೆಗಳ ದಾರಗಳನ್ನು ಹುಡುಕಿ ಹುಡುಕಿ ಬೆರಳಿಗೆ ಸಿಕ್ಕಿಸಿಕೊಂಡು ಎತ್ತಿ ಹಿಡಿದ. ಲಾಳಿ ಹೊಡೆದವನು ನಾನು. ನನ್ನ ಕೈ ತಪ್ಪಿದರೆ ಮುಗಿಯಿತು. ತಪ್ಪಲಿಲ್ಲ. ಹಂಸ ತಲೆ ಎತ್ತಿತು. ಆ ಒಂದು ಸಾಲು ನಮ್ಮ ಮೂವರನ್ನು ಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಕಾಣುವುದಿಲ್ಲ.

ಅಪ್ಪ ಗುಂಡಿಯೊಳಗೆ ಕೂತು ಬೆವರು ಒರೆಸಿಕೊಂಡು ಕೇಳಿದ, "ಪರೀಕ್ಸೆ ಯಾವತ್ ಸಾ?"

ಪರೀಕ್ಷೆಯಲ್ಲಿ ಆ ಪದ ಬರಲೇ ಇಲ್ಲ. ಹೇಳದೆ ಹೇಗೆ ಬಿಡಲಿ? ಹನ್ನೆರಡು ಕೆಲಸದಲ್ಲಿ ಒಂದನ್ನೂ ಕೇಳಲಿಲ್ಲ. ಆದರೆ ನಾನು ಪಾಸಾದೆ. ಆಮೇಲೆ ಹಗಲು ಮಗ್ಗ, ಬೆಳಗಿನ ಜಾವ ಪುಸ್ತಕ. ಮೈಸೂರಿನ ಕಾಲೇಜು, ಬಿ.ಎ. ಈಗ ನಾನೂ ಇಂಗ್ಲಿಷ್ ಹೇಳುತ್ತೇನೆ, ಬಯ್ಯುತ್ತೇನೆ ಕೂಡ. ಡಿಗ್ರಿಯ ಕಾಗದ ತೋರಿಸಲು ಹೋದಾಗ ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಅವರು ಇಂಟರ್‌ಮೀಡಿಯಟ್ ದಾಟಿದವರಲ್ಲ ಎಂಬುದು ನನಗೆ ಅವತ್ತೇ ಗೊತ್ತಾದದ್ದು. "ನನಗೆ ಇದು ಕೈತಪ್ಪಿತ್ತು ಕಣಯ್ಯಾ" ಎಂದು ಹೇಳಿ ಕಾಗದವನ್ನು ಮಡಿಕೆ ಬೀಳದಂತೆ ವಾಪಸು ಕೊಟ್ಟರು. ನಿವೃತ್ತಿಯಾದ ಮೇಲೆ ಹೆಂಡತಿಯ ಊರು ಯಳಂದೂರಿಗೆ ಹೋಗಿ ನೆಲೆಸಿದರು.

ಮೊನ್ನೆ ಕಾಗದ ಬಂದ ಸಂಜೆ ಅಪ್ಪನಿಗೆ ವಿಷಯ ಹೇಳಿದೆ. ಈಗ ಅವನ ಕಣ್ಣು ಮಂಜಾಗಿದೆ, ಆದರೂ ಮಗ್ಗ ಬಿಟ್ಟಿಲ್ಲ.

"ಎಂಗ್ ಓದ್ರು?" ಎಂದು ಕೇಳಿದ. ಕಾಗದ ಓದಿ ಹೇಳಿದೆ.

ಎದ್ದು ಬಲಗಡೆಯ ಮೊಳೆಯಿಂದ ಹಂಸದ ಅಟ್ಟೆ ಇಳಿಸಿದ. ಎಷ್ಟೋ ಆಯುಧಪೂಜೆ ಕಳೆದಿವೆ, ಅದನ್ನು ಅವನು ಒಲೆಗೆ ಹಾಕಿಲ್ಲ. ನಡುವಿನ ಹನ್ನೊಂದರಲ್ಲಿ ಮೇಷ್ಟ್ರ ಅಕ್ಷರ ಮಾಸಿ ಕಂದಾಗಿದೆ. ಅವುಗಳ ಮಧ್ಯೆ, ಆ ಮದುವೆ ಕಳೆದ ಮೇಲೆ ಅಪ್ಪ ಬಿಡುವಾಗಿ ಕೂತು ಮೊಳೆ ಸುತ್ತಿಗೆಯಲ್ಲಿ ತಾನೇ ತೂತು ಹೊಡೆದು ಸೇರಿಸಿದ್ದ ಅರವತ್ತೆಂಟು. ಅದರ ಮೇಲೆ ಒಂದಕ್ಷರವಿಲ್ಲ. ಅದರ ದಾರ ಬಿಚ್ಚಿ ನನ್ನ ತೊಡೆಯ ಮೇಲಿಟ್ಟ.

"ಇದೊಂದ್ ಕಾಲಿ ಅದೆ. ಬರಿ."

ಪೆನ್ನು ತೆಗೆದು, ಮೇಷ್ಟ್ರು ಯಾರಿಗೂ ಬರೆದು ಕೊಟ್ಟಿರದ ಆ ಅರ್ಥ ಬರೆದೆ. ಆರಲು ಬಿಟ್ಟೆ. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇಂಕು ಯಾವ ತೂತಿಗೂ ಇಳಿದಿಲ್ಲವೆಂದು ಬೆರಳಾಡಿಸಿ ಖಾತ್ರಿ ಮಾಡಿಕೊಂಡು, ಅರವತ್ತೇಳಕ್ಕೂ ಅರವತ್ತೊಂಬತ್ತಕ್ಕೂ ನಡುವೆ ಇಟ್ಟು ದಾರ ಬಿಗಿದ.